ಮಾವನ ಕೋವಿ, ನನ್ನ ಎಡಗಿವಿ

ನನ್ನ ಎಡಗಿವಿಯೊಳಗೆ ಒಂದು ಸದ್ದು ಮನೆ ಮಾಡಿಕೊಂಡಿದೆ. ಇದನ್ನು ಬರೆಯುತ್ತಿರುವಾಗಲೂ ಅದು ಅಲ್ಲೇ ಇದೆ. ಜೀರುಂಡೆಯ ಸದ್ದಿನ ಹಾಗೆ ಎಂದರೆ ಸುಮಾರಾಗಿ ಸರಿ, ಆದರೆ ಜೀರುಂಡೆ ನಡುನಡುವೆ ಸುಮ್ಮನಾಗುತ್ತದೆ. ಇದು ಆಗುವುದಿಲ್ಲ. ಕೆಲವು ದಿನ ದೂರದ ತೋಟದಲ್ಲಿ ಓಡುವ ಪಂಪ್‌ಸೆಟ್ಟಿನಂತೆ ತಗ್ಗಿರುತ್ತದೆ, ಕೆಲವು ದಿನ ತಲೆಯೊಳಗೇ ಯಾರೋ ತಂತಿ ಎಳೆದು ಕಟ್ಟಿ ಮೀಟಿದಂತಿರುತ್ತದೆ. ಮೊದಮೊದಲು ಇದು ನನಗೆ ಹುಚ್ಚು ಹಿಡಿಸಿಯೇ ಬಿಡುತ್ತದೆ ಎಂದುಕೊಂಡಿದ್ದೆ. ಹಿಡಿಸಲಿಲ್ಲ. ನಿಮ್ಮ ಕಿವಿಯಲ್ಲೂ ಇಂಥದ್ದೊಂದು ಇದ್ದು, ಬೇರೆ ಯಾರಿಗೂ ಕೇಳಿಸದ್ದನ್ನು ಹೇಳುವುದು ಹೇಗೆ ಎಂದು ಸುಮ್ಮನೆ ಕೂತಿದ್ದರೆ, ನನಗಾದದ್ದನ್ನು ಕೇಳಿ.

ನಾನು ಬಸ್ ಕಂಡಕ್ಟರ್. ಚಿಕ್ಕಜಾಲದ ಕಡೆಯಿಂದ ಹೆಬ್ಬಾಳ ದಾಟಿ ಶಿವಾಜಿನಗರಕ್ಕೆ ಹೋಗುವ ಬಸ್ಸು ನನ್ನದು. ಮನೆ ಅಮೃತಹಳ್ಳಿಯಲ್ಲಿ. ಗಂಡ ನಾಗೇಶ ಫ್ರಿಜ್ಜು, ಎಸಿ ರಿಪೇರಿ ಮಾಡುತ್ತಾನೆ. ಮಗಳು ಸಿಂಚನ ಹೈಸ್ಕೂಲು. ಅಪ್ಪ ಬೇಗ ತೀರಿಕೊಂಡಿದ್ದರಿಂದ ನಾನು ಬೆಳೆದದ್ದೆಲ್ಲ ಚಿಕ್ಕಜಾಲದ ಹತ್ತಿರ, ಅಮ್ಮನ ತವರಿನಲ್ಲಿ. ತಾತ ಹೋದ ಮೇಲೂ ಅಮ್ಮ ಅಲ್ಲೇ ಉಳಿದಳು, ತನ್ನ ತಮ್ಮ ಮುನಿರಾಜು ಅವರ ಆಸರೆಯಲ್ಲಿ. ಅವರೇ ನನ್ನ ಸೋದರಮಾವ. ನನ್ನ ಮದುವೆ ಮಾಡಿಕೊಟ್ಟವರೂ ಅವರೇ.

ಆ ಮನೆಯಲ್ಲಿ ಒಂದು ಜೋಡಿ ನಳಿಗೆಯ ಕೋವಿ ಇತ್ತು. ಹೆದ್ದಾರಿ ಇಷ್ಟು ಅಗಲವಾಗುವ ಮೊದಲು, ರಾಗಿ ಹೊಲಕ್ಕೆ ಹಂದಿ ಬೀಳುತ್ತಿದ್ದ ಕಾಲದಲ್ಲಿ, ತಾತ ಲೈಸೆನ್ಸ್ ಮಾಡಿಸಿ ತಂದದ್ದು. ಅದನ್ನು ಒರೆಸುವಾಗ ತಾತ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಮೊದಲು ಕೋವಿಯನ್ನು ನಡುವಿಗೆ ಮಡಚುತ್ತಿದ್ದ. ತೋಟಾ ಇಲ್ಲ ಎಂದು ಬೆರಳು ಹಾಕಿ ನೋಡುತ್ತಿದ್ದ. ಆಮೇಲೆ ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟು ನೋಡಲು ನನ್ನನ್ನು ಕರೆಯುತ್ತಿದ್ದ. ಒಳಗೆ ಬೆಳ್ಳಿಯ ಬಳೆಗಳಂತೆ ಬೆಳಕು ಒಂದರ ಹಿಂದೊಂದು ಜೋಡಿಸಿಕೊಂಡು, ಕೊನೆಯಲ್ಲಿ ಕಾಸಿನಗಲ ಆಕಾಶ ಕಾಣುತ್ತಿತ್ತು. ಎಷ್ಟು ಹೊತ್ತು ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ.

"ಖಾಲಿ ಐತೆ ಅಂತ ಬಾಯಲ್ಲಿ ಯೋಳೋದಲ್ಲ ಮಗ," ಎನ್ನುತ್ತಿದ್ದ. "ಮಡಚಿ ತೋರಿಸ್ಬೇಕು. ಆಚೆ ಕಡೆ ಬೆಳಕು ಕಾಣ್ಬೇಕು. ಇಲ್ದಿದ್ರೆ ಅದು ತುಂಬೈತೆ ಅಂತ್ಲೇ ಲೆಕ್ಕ."

ಜನ ಇರುವ ಕಡೆ ಅವನು ಕೋವಿಯನ್ನು ಮಡಚದೆ ಹಿಡಿದದ್ದನ್ನು ನಾನು ಕಂಡಿಲ್ಲ. ಮಾವನಿಗೆ ಕೋವಿ ಬಂತು, ಆ ಅಭ್ಯಾಸ ಬರಲಿಲ್ಲ. ಹೊಲಗಳೆಲ್ಲ ಲೇಔಟ್ ಆಗಿ ಹಂದಿಯೂ ಇಲ್ಲ, ರಾಗಿಯೂ ಇಲ್ಲ ಎಂದಾದ ಮೇಲೆ ಕೋವಿ ಬೀರುವಿನಿಂದ ಹೊರಗೆ ಬರುತ್ತಿದ್ದದ್ದು ಚುನಾವಣೆಗೆ ಮುಂಚೆ ಸ್ಟೇಷನ್ನಿನಲ್ಲಿ ಜಮಾ ಮಾಡಲು, ಇಲ್ಲವೆ ಆಯುಧಪೂಜೆಗೆ. ಪೂಜೆಯ ದಿನ ಬೂದುಗುಂಬಳ ಒಡೆದ ಮೇಲೆ ಮಾವ ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು. ಮಕ್ಕಳು ಕಿವಿ ಮುಚ್ಚಿಕೊಂಡು ಕೇಕೆ ಹಾಕುತ್ತಿದ್ದರು. ವರ್ಷವೂ ನಡೆಯುವುದು ತಾನೆ ಎಂದು ನಾವೆಲ್ಲ ನಗುತ್ತ ನಿಂತಿರುತ್ತಿದ್ದೆವು.

ಆ ವರ್ಷ ಶೆಡ್ಡಿನಲ್ಲಿ ಟ್ರ್ಯಾಕ್ಟರು, ಕಾರು, ಎರಡು ಬೈಕು ಸಾಲಾಗಿ ನಿಂತಿದ್ದವು. ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ ಆಗಿತ್ತು. ನಾನು ಟ್ರ್ಯಾಕ್ಟರ್ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಎದ್ದು ನಿಂತೆ. ನನ್ನ ಎಡಕ್ಕೆ ಮಾವ. ಕೋವಿ ಅವರ ಕಂಕುಳಲ್ಲಿ. ಈಡು ಹಾರಿಸಬೇಕಲ್ಲ ಎಂದು ಆಗಲೇ ತೋಟಾ ತುಂಬಿ, ಕೋವಿಯ ಕುದುರೆಯನ್ನು ಹಿಂದಕ್ಕೆ ಎಳೆದು ಇಟ್ಟುಕೊಂಡಿದ್ದರು. ಬೆರಳು ಟ್ರಿಗರ್ ಮೇಲಿತ್ತು. ಯಾರೋ ಮೊಬೈಲ್ ಎತ್ತಿ, "ಮುನಿರಾಜಣ್ಣ, ಈ ಕಡೆ ನೋಡಣ್ಣ, ಒಂದ್ ಫೋಟೊ!" ಎಂದು ಕೂಗಿದರು. ಮಾವ ತಿರುಗಿದರು.

ಸದ್ದು ಕೇಳಿಸಿತು ಎಂದು ಹೇಳಲಾರೆ. ಒಂದು ಬಿಳಿ ಗೋಡೆ ಎದ್ದು ಬಂದು ತಲೆಯ ಎಡಭಾಗಕ್ಕೆ ಒತ್ತಿದ ಹಾಗಾಯಿತು. ಆಮೇಲೆ ಎಲ್ಲವೂ ನಿಧಾನವಾಯಿತು. ಹಾರದಿಂದ ಉದುರಿದ ಹಳದಿ ಎಸಳುಗಳು ಬಹಳ ಹೊತ್ತು ಗಾಳಿಯಲ್ಲೇ ಇದ್ದವು. ಶೆಡ್ಡಿನ ಮಾಡಿನಿಂದ ತುಕ್ಕಿನ ಪುಡಿ ಮಂಜಿನಂತೆ ಇಳಿಯಿತು. ಮಾವನ ಹೆಂಡತಿ, ನನ್ನ ಅತ್ತೆಯ ಬಾಯಿ ತೆರೆದಿತ್ತು, ಅದರಿಂದ ಏನೂ ಹೊರಗೆ ಬರಲಿಲ್ಲ. ಕೂದಲು ಸುಟ್ಟ ವಾಸನೆ ಬಂತು. ಅದು ನನ್ನದೇ ಕೂದಲು ಎಂದು ಗೊತ್ತಾಗಲು ಸ್ವಲ್ಪ ಸಮಯ ಬೇಕಾಯಿತು. ನಾನು ಕೆರೆಯ ತಳದಲ್ಲಿ ನಿಂತಿದ್ದೇನೆ, ಇವರೆಲ್ಲ ನೀರಿನ ಮೇಲಿದ್ದಾರೆ ಎನ್ನಿಸಿತು. ಭಯ ಆಗಲಿಲ್ಲ. ಅದೊಂದು ವಿಚಿತ್ರವಾದ ನೆಮ್ಮದಿ.

ಮೊದಲು ನಕ್ಕವರು ಮಾವನೇ. ಬಲಗಿವಿಗೆ ಅವರ ಮಾತು ಗೋಡೆಯಾಚೆಯಿಂದ ಬಂದಂತೆ ಬಂತು. "ಏನೂ ಆಗಿಲ್ಲ, ಏನೂ ಆಗಿಲ್ಲ! ಮೇಲಕ್ಕೋಯ್ತು. ಎದ್ರುಕೊಂಡ್ಬುಟ್ಟಾ ಮಂಜುಳಾ?" ರಕ್ತ ಇಲ್ಲ, ಗಾಯ ಇಲ್ಲ. ಎಲ್ಲರೂ ನನ್ನ ಭುಜ ಮುಟ್ಟಿ ನೋಡಿ ನಕ್ಕರು. ಅತ್ತೆ ದೃಷ್ಟಿ ತೆಗೆದರು. ಬೂದುಗುಂಬಳ ಒಡೆದು, ಊಟಕ್ಕೆ ಎಲೆ ಹಾಕಿದರು. ನಾನೂ ಕೂತು ಒಬ್ಬಟ್ಟು ತಿಂದೆ. ಜಗಿಯುವ ಸದ್ದು ತಲೆಯೊಳಗೆ ದೊಡ್ಡದಾಗಿ ಕೇಳುತ್ತಿತ್ತು, ಹೊರಗಿನದು ಯಾವುದೂ ಇಲ್ಲ.

"ಗುಯ್ ಅಂತೈತೆ ಕಿವಿ," ಎಂದೆ ಅಮ್ಮನಿಗೆ.

"ನಾಳೀಕೆ ಸರ್ಯೋಗ್ತದೆ ಬುಡು. ಎಣ್ಣೆ ಬುಡ್ತೀನಿ."

ಇದೊಂದನ್ನು ಓದುವವರು ನೆನಪಿಟ್ಟುಕೊಳ್ಳಿ: ನಾಳೆಗೆ ಸರಿಹೋಗುತ್ತದೆ ಎಂದು ಕಾಯಬೇಡಿ, ಎಣ್ಣೆಯನ್ನಂತೂ ಬಿಡಬೇಡಿ. ನಾನು ಎರಡೂ ಮಾಡಿದೆ. ಹಬ್ಬದ ರಜೆ ಮುಗಿಸಿ ಡ್ಯೂಟಿಗೂ ಹೋದೆ. ಬ್ಯಾಟರಾಯನಪುರದ ಹತ್ತಿರ ಒಬ್ಬ ಅಜ್ಜಿ ನನ್ನ ಎಡಗಡೆಯಿಂದ ಇಳಿಯಬೇಕು, ಇಳಿಯಬೇಕು ಎಂದು ಕೂಗುತ್ತಲೇ ಇದ್ದರಂತೆ. ಸ್ಟಾಪು ದಾಟಿ ಹೋಯಿತು. ಬಸ್ಸಿನವರೆಲ್ಲ ನನ್ನನ್ನೇ ನೋಡಿ ಬಾಯಿ ಆಡಿಸುತ್ತಿದ್ದಾಗಲೇ ನನಗೆ ವಿಷಯ ತಿಳಿದದ್ದು. ಅಂದು ಸಂಜೆ ನಾಗೇಶನಿಗೆ ಹೇಳಿದೆ. "ಎಡಗಿವಿ ಇಲ್ಲ ಕಣೋ. ಹೋಗ್ಬಿಟ್ಟಿದೆ." ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನ ಎಡಗಡೆಗೆ ಬಂದು ಏನೋ ಪಿಸುಗುಟ್ಟಿದ. ಕೇಳಲಿಲ್ಲ ಎಂದು ನಾನು ತಲೆಯಾಡಿಸಿದೆ. ಅವನ ಮುಖ ಇಳಿದುಹೋಯಿತು. ಏನು ಪಿಸುಗುಟ್ಟಿದೆ ಎಂದು ಎಷ್ಟು ಕೇಳಿದರೂ ಇವತ್ತಿನವರೆಗೂ ಹೇಳಿಲ್ಲ.

ಯಲಹಂಕದ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಅಮ್ಮನೂ ಜೊತೆಗೆ ಬಂದಳು. ಯಾಕೆ ಬಂದಳು ಎಂದು ಒಳಗೆ ಹೋದ ಮೇಲೆ ಅರ್ಥವಾಯಿತು. ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಬ್ಬಿಣದ ಕವಲು ಕಡ್ಡಿಯೊಂದನ್ನು ತಟ್ಟಿ ನನ್ನ ಹಣೆಯ ನಡುವೆ ಇಟ್ಟರು. ಎಡಗಡೆ ಏನೂ ಇಲ್ಲ. ಸದ್ದೆಲ್ಲ ಬಲಕ್ಕೆ ಹರಿದುಹೋಯಿತು, ಓರೆಯಾದ ತಟ್ಟೆಯಲ್ಲಿ ನೀರು ಹರಿದಂತೆ. "ಕಿವಿ ತಮಟೆ ಹರಿದಿಲ್ಲ, ಒಳಗಿನ ನರಕ್ಕೆ ಪೆಟ್ಟಾಗಿದೆ," ಎಂದು ನನಗೆ ಕಾಣುವಂತೆ ಮುಖ ಎತ್ತಿ ಹೇಳಿದರು. "ಏನ್ ಸೌಂಡ್ ಅದು? ಎಷ್ಟು ಹತ್ರ ಇತ್ತು?"

ಅಮ್ಮ ನನ್ನ ಎಡಕ್ಕೆ ಕೂತಿದ್ದಳು. ಅವಳು ಮೆಲ್ಲಗೆ ಉತ್ತರ ಕೊಟ್ಟದ್ದು ನನಗೆ ಕೇಳಲಿಲ್ಲ, ಕಾಣಿಸಿತು. ತುಟಿ ಮೊದಲು ಮುಚ್ಚಿತು, ತೆರೆಯಿತು, ಅಗಲವಾಯಿತು. ಪಟಾಕಿ. ತುಟಿ ನೋಡಿ ನಾನು ಓದಿದ ಮೊದಲ ಮಾತು ಅದು.

ಅಮ್ಮನ ಕೈ ನನ್ನ ತೊಡೆಯ ಮೇಲಿತ್ತು, ಒತ್ತಿ ಹಿಡಿದಿದ್ದಳು. ಅವಳು ಮಲಗುವ ಮನೆ ಅದು, ಉಣ್ಣುವ ಅನ್ನ ಅದು, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮುಂದಿನ ವರ್ಷ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಏಳುವವಳು ಸಿಂಚನ ಆಗಿರಬಹುದು. ಅವಳು ಆಗಲೇ ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾಳೆ.

"ಪಟಾಕಿ ಅಲ್ಲ ಮೇಡಂ," ಎಂದೆ. ನನ್ನ ದನಿ ಎಷ್ಟು ಜೋರಾಗಿದೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. "ಕೋವಿ. ಕಿವಿ ಪಕ್ಕದಲ್ಲೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಕೋವಿ ಅಂದ್ರೆ ನಾನು ಪೊಲೀಸರಿಗೆ ತಿಳಿಸ್ಬೇಕಾಗುತ್ತೆ. ಯೋಚನೆ ಮಾಡಿ ಹೇಳ್ತಿದೀರಾ?"

"ಹೌದು."

ಅಮ್ಮನ ಕೈ ತೊಡೆಯ ಮೇಲಿಂದ ಎದ್ದು ಹೋಯಿತು.

ಪೊಲೀಸರು ಬಂದರು, ಕೋವಿ ತೆಗೆದುಕೊಂಡು ಹೋದರು, ಕೇಸಾಯಿತು. ಮಾವ ಫೋನಿನಲ್ಲಿ ಕೂಗಾಡಿದ್ದನ್ನು ನಾಗೇಶನೇ ಕೇಳಿಸಿಕೊಂಡ. ಕೆಟ್ಟ ಕಿವಿ ನನಗೆ ಅಷ್ಟನ್ನಾದರೂ ತಪ್ಪಿಸಿತು. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಅಮ್ಮ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಅತ್ತೆ ಏನಂದರೋ ಅವಳು ಹೇಳಲಿಲ್ಲ. ಚೀಲ ಮೂಲೆಗಿಟ್ಟು, ಅಡುಗೆಮನೆಗೆ ಹೋಗಿ, ಹುಣಸೆಹಣ್ಣು ನೆನೆ ಹಾಕಿದಳು. ನನ್ನ ಜೊತೆ ಮಾತಾಡಲಿಲ್ಲ.

ಚಿಕಿತ್ಸೆ ಹೆಬ್ಬಾಳದ ಆಸ್ಪತ್ರೆಯಲ್ಲಿ ನಡೆಯಿತು. ಮಾತ್ರೆಗಳು ಮುಖವನ್ನು ಊದಿಸಿದವು, ನಿದ್ದೆ ಕಸಿದುಕೊಂಡವು. ಆಮೇಲೆ ತಮಟೆಯ ಮೂಲಕ ಕಿವಿಯೊಳಕ್ಕೇ ಚುಚ್ಚುಮದ್ದು. ನೋವು ಅಷ್ಟೇನಿಲ್ಲ, ಆದರೆ ಕೋಣೆ ಇಡೀ ಒಂದು ಸುತ್ತು ತಿರುಗಿ ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಮುಂಚೆಯೇ ಬಂದಿದ್ದರೆ ಹೆಚ್ಚು ಉಳಿಯುತ್ತಿತ್ತು ಎಂದರು ಡಾಕ್ಟರು. ಬೈಯಲಿಲ್ಲ, ಒಂದೇ ಸಲ ಹೇಳಿ ಬಿಟ್ಟರು.

ಕಿವಿ ಪರೀಕ್ಷೆಯ ಕೋಣೆಯನ್ನು ಮಾತ್ರ ಮರೆಯಲಾರೆ. ಗೋಡೆಗೆಲ್ಲ ಮೆತ್ತೆ ಹಾಕಿದ, ಗಾಜಿನ ಕಿಟಕಿಯ ಪುಟ್ಟ ಗೂಡು. ತಲೆಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಬಾಗಿಲು ಮುಚ್ಚಿದರೆ ಲೋಕವೇ ಇಲ್ಲ. ಗಾಜಿನಾಚೆ ಕೂತ ಹುಡುಗಿ ತಲೆ ತಗ್ಗಿಸಿ ಏನೋ ತಿರುಗಿಸುತ್ತಾಳೆ, ನಾನು ಕಣ್ಣು ಮುಚ್ಚಿ ಕಾಯುತ್ತೇನೆ. ಬಲಗಿವಿಗೆ ಹನಿ ಬಿದ್ದಂತೆ ಸದ್ದುಗಳು ಬರುತ್ತವೆ. ಎಡಗಿವಿಯ ಸರದಿ ಬಂದಾಗ ಕತ್ತಲು. ಆ ಕತ್ತಲಲ್ಲಿ ನನ್ನದೇ ಸದ್ದು ಹಾಡುತ್ತಿರುತ್ತದೆ. ಅದಕ್ಕೂ ಯಂತ್ರಕ್ಕೂ ವ್ಯತ್ಯಾಸ ತಿಳಿಯದೆ, ಇಲ್ಲದ ಸದ್ದಿಗೆ ಗುಂಡಿ ಒತ್ತಿ ಒತ್ತಿ ಇಡುತ್ತಿದ್ದೆ. ಹೊರಗೆ ಬಂದಾಗ ಆ ಹುಡುಗಿ ಮೆಲ್ಲಗೆ, "ಪರವಾಗಿಲ್ಲ ಅಕ್ಕ, ಎಲ್ರೂ ಒತ್ತುತಾರೆ," ಎಂದಳು. ಎಲ್ಲರೂ ಎಂದರೆ, ನನ್ನಂಥವರು ಇನ್ನೂ ಇದ್ದಾರೆ. ಆ ಒಂದು ಮಾತನ್ನು ಹಿಡಿದುಕೊಂಡೇ ಮನೆ ತಲುಪಿದೆ.

ಹೊರಗಿನ ಬೆಂಚಿನಲ್ಲಿ ಆರ್.ಟಿ. ನಗರದ ಒಬ್ಬ ಮುದುಕರು ಸಿಗುತ್ತಿದ್ದರು. ಅವರ ಕಿವಿಯೊಳಗೂ ವರ್ಷಗಳಿಂದ ಸದ್ದು. "ನಿಮ್ಮದು ಹೇಗೆ?" ಎಂದು ಕೇಳಿದ್ದಕ್ಕೆ, "ನಂದು ಕುಕ್ಕರ್ ಕಣಮ್ಮ. ಕೂಗಕ್ಕೆ ಬರುತ್ತೆ, ಕೂಗಲ್ಲ," ಎಂದರು. ಇಬ್ಬರೂ ನಕ್ಕೆವು. "ಅದರ ಜೊತೆ ಜಗಳಕ್ಕೆ ನಿಂತ್ಕೋಬೇಡ. ಫ್ಯಾನ್ ಹಾಕ್ಕೋ, ರೇಡಿಯೊ ಸಣ್ಣಗಿಟ್ಕೋ. ನಿನ್ ಪಾಡಿಗೆ ನೀನು ಸಾರು ಕುದಿಸ್ತಾ ಇರು." ಇದಕ್ಕಿಂತ ಒಳ್ಳೆಯ ಸಲಹೆಯನ್ನು ನನಗೆ ಯಾರೂ ಕೊಟ್ಟಿಲ್ಲ.

ಚಿಕಿತ್ಸೆಗೆಂದು ಹಾಕಿದ ರಜೆಯ ಆ ದಿನಗಳು ನೆನಪಿನಲ್ಲಿ ನಿದ್ದೆಯಂತೆಯೇ ಇವೆ. ಮಧ್ಯಾಹ್ನ ಟೆರೇಸಿನಲ್ಲಿ ಚಾಪೆ ಹಾಸಿ ಬಲಗಿವಿಯನ್ನು ದಿಂಬಿಗೊತ್ತಿ ಮಲಗುತ್ತಿದ್ದೆ. ಜಕ್ಕೂರು ಏರೋಡ್ರೋಮಿನ ಸಣ್ಣ ವಿಮಾನಗಳು ತಲೆಯ ಮೇಲೆಯೇ ಹಾದುಹೋಗುತ್ತಿದ್ದವು, ಸದ್ದಿಲ್ಲದೆ, ಮೀನಿನ ಹಾಗೆ. ಒಣಹಾಕಿದ ಸೀರೆಗಳು ಉಬ್ಬಿ ಇಳಿಯುತ್ತಿದ್ದವು. ಸಿಂಚನ ಮೆಟ್ಟಿಲು ಹತ್ತಿ ಬಂದದ್ದು ಅವಳ ನೆರಳು ಮುಖದ ಮೇಲೆ ಬಿದ್ದಾಗಲೇ ತಿಳಿಯುತ್ತಿತ್ತು. ಕನಸಿನಲ್ಲಿ ಎರಡೂ ಕಿವಿ ಕೇಳುತ್ತಿದ್ದವು. ಎಚ್ಚರವಾದಾಗ ಯಾವುದು ಕನಸು ಎಂದು ತಿಳಿಯಲು ಚಪ್ಪಾಳೆ ತಟ್ಟಿ ನೋಡಿಕೊಳ್ಳುತ್ತಿದ್ದೆ.

ಒಂದು ದಿನ ಮಂಚದ ನನ್ನ ಬದಿಗೆ ಹೋಗಿ ನೋಡಿದರೆ ನನ್ನ ದಿಂಬು ಅಲ್ಲಿರಲಿಲ್ಲ. ನಾಗೇಶ ತನ್ನ ದಿಂಬನ್ನು ಅಲ್ಲಿಟ್ಟು, ನನ್ನದನ್ನು ತನ್ನ ಜಾಗಕ್ಕೆ ಸರಿಸಿದ್ದ. ಮದುವೆಯಾದಾಗಿನಿಂದ ಅವನು ನನ್ನ ಎಡಕ್ಕೆ ಮಲಗುತ್ತಿದ್ದವನು. ರಸ್ತೆಯಲ್ಲೂ ಈಗ ಬಲಕ್ಕೇ ನಡೆಯುತ್ತಾನೆ.

ಅಮ್ಮ ಮಾತಾಡಿದ್ದು ಇನ್ನೂ ತಡವಾಗಿ. ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅವಳು ಹಿಂದಿನಿಂದ ಬಂದು ಎದುರಿಗೆ ಕೂತು, "ಅದು ಈಗ್ಲೂ ಕೂಗ್ತಾ ಐತಾ?" ಎಂದಳು. ಐತೆ ಎಂದೆ. ಅವಳು ಹತ್ತಿರ ಜರುಗಿ, ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಿವಿಯನ್ನು ನನ್ನ ಎಡಗಿವಿಗೆ ಒತ್ತಿ ಇಟ್ಟುಕೊಂಡಳು. ನನ್ನೊಳಗಿನದು ಅವಳಿಗೂ ಕೇಳಬಹುದು ಎಂಬಂತೆ. ಅವಳ ಓಲೆ ನನ್ನ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ಉಸಿರು ಬಿಗಿಹಿಡಿದು ಬಹಳ ಹೊತ್ತು ಕೇಳಿಸಿಕೊಂಡಳು.

"ನಂಗೇನೂ ಕೇಳಕಿಲ್ವಲ್ಲೇ," ಎಂದಳು ಬಿಟ್ಟು. ಅವಳ ಕಣ್ಣು ತುಂಬಿತ್ತು. "ಪಟಾಕಿ ಅಂದ್ಬುಟ್ನಲ್ಲ ನಾನು."

ಅವರೆಕಾಳಿನ ಸೊಗಡು ಅವಳ ಬೆರಳಿಗೂ ಹತ್ತಿತು. ಇಬ್ಬರೂ ಸೇರಿ ಬುಟ್ಟಿ ಮುಗಿಸಿದೆವು.

ಅವಳ ಕನ್ನಡಕ ಆ ಮನೆಯಲ್ಲೇ ಉಳಿದಿತ್ತು. ತರಲು ನಾನೇ ಹೋದೆ. ಅತ್ತೆ ಬಾಗಿಲಲ್ಲೇ ಕೊಟ್ಟು ಒಳಗೆ ಹೋದರು. ಹೊರಟವಳು ಶೆಡ್ಡಿನ ಮುಂದೆ ನಿಂತೆ. ಒಳಗೆ ಮಾವ ಟ್ರ್ಯಾಕ್ಟರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ತಗಡಿನ ಮಾಡಿನಲ್ಲಿ ಕೋವಿಯ ಚರೆಗುಂಡು ಹೊಕ್ಕ ತೂತುಗಳು. ಒಂದೊಂದರಿಂದಲೂ ಬಿಸಿಲಿನ ಕೋಲು ಇಳಿದು ನೆಲದ ಮೇಲೆ, ಟ್ರ್ಯಾಕ್ಟರಿನ ಮೇಲೆ, ಮಾವನ ಬಿಳಿ ಅಂಗಿಯ ಮೇಲೆ ಗುಂಡಗಿನ ಬೆಳಕಾಗಿ ಬಿದ್ದಿತ್ತು. ಧೂಳು ಆ ಕೋಲುಗಳೊಳಗೆ ಮೇಲೆ ಕೆಳಗೆ ಈಜುತ್ತಿತ್ತು. ನೋಡಲು ಎಷ್ಟು ಚೆಂದವಿತ್ತೆಂದರೆ ನಾನು ಬಂದದ್ದನ್ನೇ ಮರೆತೆ. ಅಂದು ನಿಂತಿದ್ದ ಜಾಗಕ್ಕೆ ಹೋಗಿ ನಿಂತೆ. ಕೈ ಎತ್ತಿ ಹಿಡಿದರೆ ಬೆಳಕಿನ ಒಂದು ಚುಕ್ಕೆ ಅಂಗೈಗೆ ಬಂತು. ಅದರ ದಾರಿ ನನ್ನ ತಲೆಯಿಂದ ಎಷ್ಟು ಹತ್ತಿರ ಎಂದು ಮಾವನೂ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ.

"ಶೀಟು ಬದ್ಲಾಯಿಸ್ಬೇಕು," ಎಂದರು ಮಾವ. ಅಷ್ಟೇ. ನಾನು ಕನ್ನಡಕ ಹಿಡಿದುಕೊಂಡು ಬಂದುಬಿಟ್ಟೆ.

ಎಡಗಿವಿಯಲ್ಲಿ ಸ್ವಲ್ಪ ಮರಳಿತು. ದಪ್ಪ ಸದ್ದುಗಳು ಬಂದವು, ಸಣ್ಣವು ಬರಲಿಲ್ಲ. ಲಾರಿ ಕೇಳುತ್ತದೆ, ಪಿಸುಮಾತು ಇಲ್ಲ. ಗದ್ದಲದ ನಡುವೆ ಎಡಗಡೆಯ ಮಾತು ಬರೀ ಗೊಣಗು. ಕಿವಿಗೆ ಯಂತ್ರ ಹಾಕಿಕೊಂಡರೆ ಇನ್ನೂ ಸ್ವಲ್ಪ ಮೇಲು, ಆದರೆ ಬಸ್ಸಿನ ಗಲಾಟೆಯಲ್ಲಿ ಅದು ಎಲ್ಲವನ್ನೂ ಒಟ್ಟಿಗೆ ಸುರಿಯುತ್ತದೆ ಎಂದು ಡ್ಯೂಟಿಯಲ್ಲಿ ತೆಗೆದಿಡುತ್ತೇನೆ. ಕೆಲಕಾಲ ಡಿಪೋದಲ್ಲಿ ಕೂರುವ ಕೆಲಸ ಕೊಟ್ಟರು. ಆಮೇಲೆ ಪರೀಕ್ಷೆ ಮಾಡಿ ಬಸ್ಸಿಗೆ ಬಿಟ್ಟರು. ಈಗ ಜನರಿಗೆ ಬಲಗಿವಿ ಕೊಟ್ಟು ಓರೆಯಾಗಿ ನಿಲ್ಲುತ್ತೇನೆ, ತುಟಿ ನೋಡುತ್ತೇನೆ. "ಜೋರಾಗಿ ಹೇಳಿ, ಈ ಕಿವಿ ಕೇಳಲ್ಲ," ಎನ್ನಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ಟಿಕೆಟ್ ಎಂದಷ್ಟೇ ಸಲೀಸಾಗಿ ಹೇಳುತ್ತೇನೆ. ಜನ ಜೋರಾಗಿ ಹೇಳುತ್ತಾರೆ. ಅಷ್ಟೇ, ಬೇರೇನೂ ಆಗುವುದಿಲ್ಲ.

ಮೊನ್ನೆ ಬೆಳಗ್ಗೆ ಚಿಕ್ಕಜಾಲದ ಸ್ಟಾಪಿನಲ್ಲಿ ಮಾವ ನಿಂತಿದ್ದರು. ಮನೆಯಲ್ಲಿ ಕಾರಿದೆ, ಅವರು ಬಸ್ಸು ಹತ್ತಿದ್ದನ್ನು ನಾನು ಯಾವತ್ತೂ ಕಂಡವಳಲ್ಲ. ಹಿಂದಿನ ಬಸ್ಸುಗಳನ್ನೆಲ್ಲ ಬಿಟ್ಟು ಕಾದಿದ್ದರೆಂದು ಅವರ ಬೆವರಿದ ಮುಖವೇ ಹೇಳುತ್ತಿತ್ತು. ಹತ್ತಿ, ನನ್ನ ಮುಖ ನೋಡದೆ, "ಶಿವಾಜಿನಗರ," ಎಂದರು. ಟಿಕೆಟ್ ಕೊಟ್ಟೆ. ಏನೂ ಆಗಿಲ್ಲವೆಂಬಂತೆ ಕೊಟ್ಟೆ.

ಯಲಹಂಕ ದಾಟಿದ ಮೇಲೆ ಬಸ್ಸು ತುಸು ಖಾಲಿಯಾಯಿತು. ನನ್ನ ಸೀಟಿನಲ್ಲಿ ಕೂತೆ. ಮಾವ ಹಿಂದಿನಿಂದ ಎದ್ದು ಬಂದು ನನ್ನ ಎಡಗಡೆಯ ಖಾಲಿ ಸೀಟಿನ ಅಂಚಿನಲ್ಲಿ ಕೂತರು. ಕಿಟಕಿಯಿಂದ ಬೆಳಗಿನ ಬಿಸಿಲು ಕಂಬದಿಂದ ಕಂಬಕ್ಕೆ ಜಾರುತ್ತ ಅವರ ಮೇಲೆ ಹರಿದು ಹೋಗುತ್ತಿತ್ತು. ಅವರು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಮಾತಾಡಲು ಶುರು ಮಾಡಿದರು.

ತುಟಿ ಪೂರ್ತಿ ಕಾಣುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಕೋವಿ. ಲೈಸೆನ್ಸ್ ಬೇಡ. ಅಕ್ಕ. ಮಿಕ್ಕಿದ್ದೆಲ್ಲ ಇಂಜಿನ್ನಿನ ಗೊಣಗಿನಲ್ಲಿ ಕರಗಿಹೋಯಿತು. ಮಧ್ಯೆ ಒಮ್ಮೆ ನಿಲ್ಲಿಸಿ ಟವಲಿನಿಂದ ಮೂಗೊರೆಸಿಕೊಂಡರು, ಮತ್ತೆ ಹೇಳಿದರು. ಮುಗಿಸಿ ನನ್ನ ಕಡೆ ನೋಡಿದರು, ಉತ್ತರಕ್ಕೆ.

ತಲೆಯಾಡಿಸಿಬಿಡಬಹುದಿತ್ತು. ಕೇಳಿತು ಎಂದುಕೊಂಡು ಅವರು ಹಗುರಾಗಿ ಇಳಿದು ಹೋಗುತ್ತಿದ್ದರು. ಆದರೆ ಆ ಮಾತಿಗಾಗಿ ಇಷ್ಟು ದಿನ ಕಾದದ್ದು ನನ್ನ ಕಣ್ಣಲ್ಲ, ಕಿವಿ.

"ಮಾವ, ಆ ಕಿವಿ ಕೇಳಲ್ಲ," ಎಂದೆ. "ಈ ಕಡೆ ಬಂದು ಹೇಳಿ."

ಅವರು ನನ್ನ ಎಡಗಿವಿಯನ್ನೊಮ್ಮೆ ನೋಡಿದರು. ಆಮೇಲೆ ಕಂಬಿ ಹಿಡಿದು ಎದ್ದರು. ಹೆಬ್ಬಾಳದ ಫ್ಲೈಓವರ್ ಏರುತ್ತಿದ್ದ ಬಸ್ಸು ಓಲಾಡುತ್ತಿತ್ತು. ಬಿದ್ದುಬಿಡುತ್ತಾರೇನೋ ಎಂದು ನಾನು ಕೈ ಚಾಚಿದೆ. ಅದನ್ನು ಹಿಡಿದುಕೊಂಡೇ ಸುತ್ತಿ ಬಲಗಡೆಗೆ ಬಂದು ನಿಂತರು, ಬಗ್ಗಿದರು, ಮೊದಲಿನಿಂದ ಹೇಳಿದರು.